ಮೇಷ್ಟ್ರ ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ

ಎರಡು ದಿನ ಆಯ್ತು, ಹೊಟ್ಟೆ ಉರಿ ಇನ್ನೂ ಆರಿಲ್ಲ.

ನಮ್ಮ ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನು ಇಂಟರ್‌ನೆಟ್ಟಿಗೆ ಹಾಕಬೇಕಿತ್ತು. ಅದಕ್ಕೆ ಸರ್ವರಿನಲ್ಲಿ ಜಾಗ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಕಂಪನಿಯವರನ್ನು ದುಡ್ಡು ಕಟ್ಟುವ ಮೊದಲೇ ಕೇಳಿದ್ದೆ, ಮೈಎಸ್‌ಕ್ಯೂಎಲ್ (ಮಾಹಿತಿ ಇಡುವ ಡೇಟಾಬೇಸ್ ತಂತ್ರಾಂಶ) ಇದೆಯಾ ಅಂತ. "ಇದೆ ಸರ್" ಅಂದರು. ಮೂರು ವರ್ಷದ ಹೋಸ್ಟಿಂಗ್ ಒಟ್ಟಿಗೇ ತಗೊಂಡೆ. ಒಳಗೆ ಹೋಗಿ ನೋಡಿದರೆ ಇರುವುದು ಮರಿಯಾಡಿಬಿ, ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಬೇರೆ ಡೇಟಾಬೇಸ್, ಅದೂ ಹಳೆಯ 10.3. ಎರಡೂ ಒಂದೇ ಅಂತೆ! ಹಾಗಿದ್ದರೆ ಮನೆಯ ಮೈಎಸ್‌ಕ್ಯೂಎಲ್ 8ರಿಂದ ತೆಗೆದ ಫೈಲು ಯಾಕೆ ಒಳಗೆ ಹೋಗಲಿಲ್ಲ? 'ಯುಟಿಎಫ್8ಎಂಬಿ4_0900_ಎಐ_ಸಿಐ' ಅನ್ನುವ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ, ಜೋಡಿಸುವ ಕ್ರಮ) ಗೊತ್ತೇ ಇಲ್ಲ ಅಂತ ನಿಂತಿತು. 8ನೇ ಆವೃತ್ತಿ ತಾನಾಗೇ ಹಾಕುವುದೇ ಅದನ್ನು!

ಸಪೋರ್ಟಿನವರು ಹೇಳಿದ್ದು ಒಂದೇ ಮಾತು: "ಫೈಲಿನಲ್ಲಿ ಟೇಬಲ್ ಕೊನೆಯ ಚಾರ್‌ಸೆಟ್, ಕೊಲೇಷನ್ ಎಲ್ಲ ಅಳಿಸಿ ಹಾಕಿ." ಚಾರ್‌ಸೆಟ್ ಅಂದರೆ ಯಾವ ಯಾವ ಅಕ್ಷರಗಳನ್ನು ಇಡಬಹುದು ಅನ್ನುವ ಪಟ್ಟಿ. ಅಳಿಸಿದೆ. ಫೈಲು ಒಳಗೆ ಹೋಯಿತು. 1,846 ಪುಸ್ತಕ, ಲೆಕ್ಕ ಸರಿ. ಮೊದಲ ಪುಟದಲ್ಲಿ ಇಂಗ್ಲಿಷ್ ಪುಸ್ತಕಗಳಿದ್ದವು, ಚೆನ್ನಾಗೇ ಕಂಡವು. ನಾವು ಏನೂ ಹೇಳದಿದ್ದರೆ ಅವರ ಡೇಟಾಬೇಸು ತಾನಾಗೇ ಹಿಡಿಯುವ ಚಾರ್‌ಸೆಟ್ ಲ್ಯಾಟಿನ್1 ಅಂತ ಯಾರೂ ಹೇಳಲಿಲ್ಲ. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಒಂದೊಂದು ಅಕ್ಷರವನ್ನೂ ಸದ್ದಿಲ್ಲದೆ ಪ್ರಶ್ನೆ ಚಿಹ್ನೆ ಮಾಡಿ ಇಟ್ಟುಕೊಂಡಿತ್ತು.

ಭಾನುವಾರ ಗ್ರಂಥಾಲಯದ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದೆವು. ನಲವತ್ತು ಜನ. ಮುಂದಿನ ಸಾಲಿನಲ್ಲಿ ಮೇಷ್ಟ್ರು. ಗ್ರಂಥಾಲಯದ ಪುಸ್ತಕಗಳ ಕಾರ್ಡುಗಳನ್ನೆಲ್ಲ ಇಪ್ಪತ್ತು ವರ್ಷ ಕೈಯಲ್ಲಿ ಬರೆದವರು ಅವರೇ. "ನಾನು ಕೊಟ್ಟ ಪುಸ್ತಕ ತೋರಿಸಪ್ಪ" ಅಂದರು. ಒತ್ತಿದೆ. ಉದ್ದಕ್ಕೂ ???? ????. ಕೆಳಗಿನ ಸಾಲೂ ಅದೇ. ಅದರ ಕೆಳಗೂ ಅದೇ. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ನನ್ನ ಕಣ್ಣೇ ಸರಿಯಿಲ್ಲವೇನೋ" ಅಂದರು. ಅವರ ಕಣ್ಣಿಗೇನೂ ಆಗಿರಲಿಲ್ಲ. ಹೇಳೋಣ ಅಂದರೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಹಿಂದೆ ಯಾರೋ ನಕ್ಕರು.

ಬಿಡಿ, ತಪ್ಪು ನನ್ನದೇ. ಒಂದು ಕನ್ನಡ ಹೆಸರು ಹುಡುಕಿ ನೋಡಬೇಕಿತ್ತು. ಇಲ್ಲ, ಯಾಕೆ ನನ್ನದು? ದುಡ್ಡು ತಗೊಂಡವರು ಯಾವ ಡೇಟಾಬೇಸ್, ಯಾವ ಆವೃತ್ತಿ, ಯಾವ ಚಾರ್‌ಸೆಟ್ ಅಂತ ಮೂರು ಸಾಲು ಬರೆದು ಹಾಕಲು ಏನು ಕಷ್ಟ? ಅಳಿಸಿ ಅನ್ನುವ ಬದಲು, ಮರಿಯಾಡಿಬಿಗೂ ಗೊತ್ತಿರುವ, ಕನ್ನಡವೂ ಉಳಿಯುವ ಯುಟಿಎಫ್8ಎಂಬಿ4_ಯೂನಿಕೋಡ್_ಸಿಐ ಅಂತ ಬದಲಿಸಿ ಅಂದಿದ್ದರೆ ಮುಗೀತಿತ್ತಲ್ವಾ? ಕರ್ನಾಟಕದಲ್ಲಿ ಮಾರುವವರಿಗೆ ಕನ್ನಡ ಅಕ್ಷರ ಉಳಿಯುತ್ತದಾ ಅಂತ ಒಮ್ಮೆಯೂ ನೋಡಬೇಕು ಅನಿಸಿಲ್ಲವಾ? ಯಾರಾದರೂ ಉತ್ತರ ಕೊಡಿ. ನಾನು ಕಳಿಸಿದ ದೂರಿಗೆ ಬಂದದ್ದು "ಸಮಸ್ಯೆ ಬಗೆಹರಿದಿದೆ" ಅನ್ನುವ ಒಂದು ಸಾಲು ಮಾತ್ರ.

ಮನೆಯ ಕಂಪ್ಯೂಟರಿನಲ್ಲಿ ಮೂಲ ಫೈಲು ಇದೆ. ನಿನ್ನೆ ರಾತ್ರಿ ಸರಿಮಾಡಿ ಮತ್ತೆ ಹಾಕಿದೆ. ಹೆಸರುಗಳೆಲ್ಲ ಈಗ ಕಾಣುತ್ತಿವೆ. ಮೇಷ್ಟ್ರಿಗೆ ಫೋನ್ ಮಾಡಿ ಹೇಳಬೇಕು. ಇನ್ನೂ ಮಾಡಿಲ್ಲ.