ಚೂರಿ ಯಾರದೆಂದು ಕೇಳದ ಖಾಜಿ

ಇಬ್ನ್ ರುಶ್ದ್ ಎಂದೊಡನೆ ಅರಿಸ್ಟಾಟಲನಿಗೆ ಭಾಷ್ಯ ಬರೆದವನು ಎಂದು ಹೇಳಿ ಮುಗಿಸುವುದು ವಾಡಿಕೆ. ನನ್ನ ಮಟ್ಟಿಗೆ ಅವನು ಮೊದಲು ಖಾಜಿ (ಶರೀಅತ್ತಿನಂತೆ ತೀರ್ಪು ಕೊಡುವ ನ್ಯಾಯಾಧೀಶ), ಆಮೇಲೆ ದಾರ್ಶನಿಕ. 1126ರಲ್ಲಿ, ಮುಸ್ಲಿಂ ಆಳ್ವಿಕೆಯ ಸ್ಪೇನಿನ ಕಾರ್ಡೋಬಾದಲ್ಲಿ ಅವನು ಹುಟ್ಟಿದ ಮನೆಯೇ ನ್ಯಾಯಶಾಸ್ತ್ರದ ಮನೆ. ಅದೇ ಹೆಸರಿನ ತಾತ ಆ ಊರಿನ ಖಾಜಿಯಾಗಿದ್ದ. ಮೊಮ್ಮಗನೂ ಸೆವಿಲ್ಲೆ ಮತ್ತು ಕಾರ್ಡೋಬಾಗಳಲ್ಲಿ ಅದೇ ಪೀಠದಲ್ಲಿ ಕುಳಿತ.

ಹಿರಿಯ ದಾರ್ಶನಿಕ ಇಬ್ನ್ ತುಫೈಲ್ ಅವನನ್ನು ಖಲೀಫ ಅಬೂ ಯಾಕೂಬ್ ಯೂಸುಫನ ಬಳಿಗೆ ಕರೆದೊಯ್ದಾಗ, ಆಕಾಶವು ಅನಾದಿಯೋ ಸೃಷ್ಟಿಯಾದದ್ದೋ, ದಾರ್ಶನಿಕರು ಏನನ್ನುತ್ತಾರೆ ಎಂದು ಖಲೀಫ ಕೇಳಿದ. ಇಬ್ನ್ ರುಶ್ದ್ ಹೆದರಿ, ತನಗೆ ಆ ವಿದ್ಯೆಯ ಗೊಡವೆಯೇ ಇಲ್ಲವೆಂದುಬಿಟ್ಟ. ಖಲೀಫ ತಾನೇ ಅರಿಸ್ಟಾಟಲ್, ಪ್ಲೇಟೋಗಳ ವಾದವನ್ನು ಇಬ್ನ್ ತುಫೈಲನೊಡನೆ ಚರ್ಚಿಸತೊಡಗಿದ ಮೇಲಷ್ಟೇ ಇವನ ನಾಲಿಗೆ ಸಡಿಲಗೊಂಡಿತು. (ಆ ಹೆದರಿಕೆ ಸುಳ್ಳಾಗಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.)

‘ಫಸ್ಲುಲ್ ಮಕಾಲ್’ ಎಂಬ ಅವನ ಪುಟ್ಟ ಗ್ರಂಥವನ್ನು ಓದಿದರೆ ಖಾಜಿಯ ಕೈವಾಡ ಎದ್ದು ಕಾಣುತ್ತದೆ. ತತ್ತ್ವಶಾಸ್ತ್ರದ ಅಧ್ಯಯನವು ಶರೀಅತ್ತಿನ ಪ್ರಕಾರ ನಿಷಿದ್ಧವೋ, ಸಮ್ಮತವೋ, ಕಡ್ಡಾಯವೋ ಎಂದು ವ್ಯಾಜ್ಯವನ್ನು ಎತ್ತಿಕೊಂಡಂತೆಯೇ ಆರಂಭಿಸುತ್ತಾನೆ. ಗ್ರೀಕರು ನಮ್ಮ ಧರ್ಮದವರಲ್ಲವಲ್ಲ ಎಂಬ ಆಕ್ಷೇಪಕ್ಕೆ ಅವನು ಕೊಡುವ ಉತ್ತರ ಬಲಿಕೊಡುವ ಚೂರಿಯದು: ಚೂರಿಯಲ್ಲಿ ಇರಬೇಕಾದ ಲಕ್ಷಣಗಳಿವೆಯೇ ಎಂದು ನೋಡುತ್ತೇವೆಯೇ ಹೊರತು ಅದರ ಒಡೆಯ ಯಾವ ಮತದವನೆಂದು ವಿಚಾರಿಸುವುದಿಲ್ಲ. ತತ್ತ್ವಶಾಸ್ತ್ರ ಓದಿ ಕೆಲವರು ದಾರಿ ತಪ್ಪಿದರೆಂದು ಅರ್ಹರಿಗೂ ಅದನ್ನು ತಪ್ಪಿಸುವುದು, ಯಾರೋ ನೀರು ಗಂಟಲಿಗೆ ಸಿಕ್ಕಿ ಸತ್ತರೆಂದು ಬಾಯಾರಿದವನಿಗೆ ನೀರು ಕೊಡದೆ ಸಾಯಿಸಿದಂತೆ ಎಂದೂ ಹೇಳುತ್ತಾನೆ. ದೊಡ್ಡ ಸಿದ್ಧಾಂತಗಳಿಗಿಂತ ಈ ಎರಡು ಉಪಮೆಗಳೇ ನನ್ನನ್ನು ಹೆಚ್ಚು ಹಿಡಿದಿಟ್ಟಿವೆ, ಏಕೆಂದರೆ ಎದುರಾಳಿ ಒಪ್ಪಿರುವ ಶಾಸ್ತ್ರದ ನೆಲದಲ್ಲಿ ನಿಂತೇ ಅವನು ವಾದ ಮಾಡುತ್ತಾನೆ.

ಆದರೆ ಅವನನ್ನು ಇಂದಿನ ಅರ್ಥದ ಮುಕ್ತಚಿಂತಕನೆಂದು ಮೆರೆಸುವವರೊಡನೆ ನನಗೆ ತಕರಾರಿದೆ. ಧರ್ಮವಚನಗಳ ಗೂಢಾರ್ಥವನ್ನು ಸಾಮಾನ್ಯ ಜನರ ಮುಂದೆ ಬಿಚ್ಚಿಡಕೂಡದೆಂದು ಅದೇ ಗ್ರಂಥ ಖಡಾಖಂಡಿತವಾಗಿ ಹೇಳುತ್ತದೆ. ಬಾಯಾರಿದವರಲ್ಲಿ ಅರ್ಹರಿಗೆ ಮಾತ್ರ ನೀರು. ಹಾಗೆಯೇ, ಅವನಿಗಿಂತ ಮೊದಲೇ ದಾರ್ಶನಿಕರನ್ನು ಖಂಡಿಸಿ ಬರೆದ ಧರ್ಮಪಂಡಿತ ಗಜಾಲಿಯನ್ನು ವಿಚಾರದ ಶತ್ರುವೆಂದು ಒಂದೇ ಏಟಿಗೆ ತಳ್ಳಿಹಾಕುವುದೂ ಸರಿಯಲ್ಲ. ಬೆಂಕಿ ತಾಕಿದಾಗ ಹತ್ತಿ ಸುಡುವುದನ್ನು ಕಾಣುತ್ತೇವೆ, ಬೆಂಕಿಯೇ ಸುಟ್ಟಿತೆಂಬುದನ್ನು ಕಂಡವರಾರು ಎಂಬ ಗಜಾಲಿಯ ಪ್ರಶ್ನೆ ಹಗುರವಾದದ್ದಲ್ಲ. ಕಾರಣಗಳನ್ನು ಅಲ್ಲಗಳೆದವನು ಬುದ್ಧಿಯನ್ನೇ ಅಲ್ಲಗಳೆದಂತೆ ಎಂಬ ಇಬ್ನ್ ರುಶ್ದನ ಮರುತ್ತರಕ್ಕೆ ನಾನು ಒಲಿದಿದ್ದರೂ, ಆ ಪ್ರಶ್ನೆ ಅಲ್ಲಿಗೇ ಅಡಗಿತೆಂದು ಹೇಳಲಾರೆ.

1195ರಲ್ಲಿ ಮುಂದಿನ ಖಲೀಫ ಅಲ್-ಮನ್ಸೂರ್ ಅವನನ್ನು ಕಾರ್ಡೋಬಾದ ಬಳಿಯ ಲುಸೇನಾ ಎಂಬ ಊರಿಗೆ ಗಡೀಪಾರು ಮಾಡಿದ. ಅವನ ತತ್ತ್ವಗ್ರಂಥಗಳು ಬೆಂಕಿಗೆ ಬಿದ್ದವು. ಕೊನೆಗೆ ಕ್ಷಮೆ ದೊರೆತು, 1198ರ ಡಿಸೆಂಬರಿನಲ್ಲಿ ಮರಾಕೆಶ್‌ನಲ್ಲಿ ತೀರಿಕೊಂಡ. ಅವನ ಶವವನ್ನು ಕಾರ್ಡೋಬಾಕ್ಕೆ ಸಾಗಿಸಿದ್ದನ್ನು ಕಂಡ ಸೂಫಿ ಇಬ್ನ್ ಅರಬಿ ಬರೆದಿಟ್ಟಿದ್ದಾನೆ: ಹೇರು ಹೊತ್ತ ಪ್ರಾಣಿಯ ಒಂದು ಮಗ್ಗುಲಿಗೆ ಶವಪೆಟ್ಟಿಗೆ, ಸಮತೂಕಕ್ಕೆಂದು ಇನ್ನೊಂದು ಮಗ್ಗುಲಿಗೆ ಅವನದೇ ಗ್ರಂಥಗಳು. ಅವನ ಗ್ರಂಥಗಳೆಲ್ಲ ಮೂಲರೂಪದಲ್ಲಿ ನಮಗೆ ಉಳಿದಿಲ್ಲ. ಹೆಣ್ಣಿನ ಸಾಮರ್ಥ್ಯವನ್ನು ಬಳಸದೆ ಆಕೆಯನ್ನು ಹೆರುವುದಕ್ಕಷ್ಟೇ ಸೀಮಿತಗೊಳಿಸಿದ ತನ್ನ ಕಾಲದ ನಗರಗಳನ್ನು ಅವನು ಟೀಕಿಸಿದ್ದು ಪ್ಲೇಟೋನ ‘ರಿಪಬ್ಲಿಕ್’ ಕುರಿತ ವ್ಯಾಖ್ಯಾನದಲ್ಲಿ. ಅದರ ಅರಬಿ ಮೂಲ ಇಂದು ಉಳಿದಿಲ್ಲ. ನಮ್ಮ ಕೈಗೆ ಸಿಕ್ಕಿರುವುದು ಯಹೂದಿ ವಿದ್ವಾಂಸರು ಮಾಡಿಟ್ಟುಕೊಂಡ ಹೀಬ್ರೂ ಅನುವಾದ.