ಸೂಜಿಗೆ ಮುಂಚಿನ ಒಂದು ಗಂಟೆ

ಕರ್ನಾಟಕದ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಕೆಲವು ವರ್ಷ ದುಡಿದು, ಈಗ ಇಂಗ್ಲೆಂಡಿನ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನನ್ನು ಊರಿನವರು ಕೇಳುವುದು ಸಂಬಳ ಮತ್ತು ಚಳಿಯ ಬಗ್ಗೆ. ನನಗೆ ಹೇಳಬೇಕೆನಿಸುವುದು ಮಗುವಿನ ಕೈಗೆ ಸೂಜಿ ಚುಚ್ಚುವ ಗಳಿಗೆಯ ಬಗ್ಗೆ.

ಕರ್ನಾಟಕದ ಆ ವಾರ್ಡಿನಲ್ಲಿ ಡ್ರಿಪ್ ಹಾಕಬೇಕಾದಾಗ ತಾಯಿಯನ್ನು ಹೊರಗೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು, ಒಬ್ಬರು ಕಾಲನ್ನೂ ಇನ್ನೊಬ್ಬರು ಭುಜವನ್ನೂ ಒತ್ತಿ ಹಿಡಿದು ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಸೇರಿಸುವ ಸಣ್ಣ ನಳಿಕೆ, ಹಾಕುತ್ತಿದ್ದೆವು. "ಏನೂ ಆಗಲ್ಲ ಪುಟ್ಟಾ, ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ನಾನೇ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಮ್ಮಲ್ಲಿ ಯಾರೂ ಕಲ್ಲೆದೆಯವರಾಗಿರಲಿಲ್ಲ. ಮಕ್ಕಳು ಬಹಳ, ಕೈಗಳು ಕಡಿಮೆ. ಇಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು, ಅದಕ್ಕಿಂತ ದೊಡ್ಡವರಾದರೆ ನಾಲ್ವರಿಗೆ ಒಬ್ಬರು ನರ್ಸ್ ಇರಬೇಕೆಂದು ನರ್ಸ್‌ಗಳ ಸಂಘಟನೆಯಾದ ರಾಯಲ್ ಕಾಲೇಜ್ ಆಫ್ ನರ್ಸಿಂಗ್ 2013ರಲ್ಲಿ ಹೇಳಿದೆ. ಪ್ರತಿ ಪಾಳಿಯಲ್ಲೂ ಅಷ್ಟು ಜನ ಸಿಗುವುದಿಲ್ಲ, ಆದರೆ ಕೇಳಿ ಪಡೆಯಲು ಒಂದು ಅಳತೆಯಾದರೂ ಇದೆ.

ಕಳೆದ ವರ್ಷ ನಮ್ಮ ವಾರ್ಡಿಗೆ ಐದು ವರ್ಷದ ಕನ್ನಡದ ಹುಡುಗಿಯೊಬ್ಬಳು ಬಂದಳು. ಜೊತೆಗೆ ಅಮ್ಮ, ಊರಿನಿಂದ ಬಂದಿದ್ದ ಅಜ್ಜಿ. ಎರಡೂ ಮುಂಗೈಗಳಿಗೆ ಮರಗಟ್ಟಿಸುವ ಕ್ರೀಮು ಹಚ್ಚಿ, ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿ, ಒಂದು ಗಂಟೆ ಬಿಟ್ಟೆವು. ಆ ಹೊತ್ತಿನಲ್ಲಿ ಆಟದ ಮೂಲಕ ಮಕ್ಕಳನ್ನು ಚಿಕಿತ್ಸೆಗೆ ಸಿದ್ಧಗೊಳಿಸುವ ಸಿಬ್ಬಂದಿಯೊಬ್ಬರು ಬಟ್ಟೆಯ ಗೊಂಬೆಯನ್ನು ತಂದುಕೊಟ್ಟರು. ಹುಡುಗಿ ತಾನೇ ಅದರ ಕೈಗೆ ಪುಟ್ಟ ನಳಿಕೆ ಅಂಟಿಸಿ, ಬ್ಯಾಂಡೇಜು ಸುತ್ತಿದಳು. ಅಜ್ಜಿ ಮಾತ್ರ ಮೊಮ್ಮಗಳ ತಲೆ ಸವರುತ್ತಾ, "ನಿಂಗೆ ಚುಚ್ಚೋದೇ ಇಲ್ಲ ಕಂದಾ, ಔಷಧಿ ಹಚ್ತಾರೆ ಅಷ್ಟೇ" ಎಂದರು. ಹುಡುಗಿ ಗೊಂಬೆಯ ಕೈಯನ್ನು ನೋಡಿದಳು, ಅಜ್ಜಿಯ ಮುಖವನ್ನು ನೋಡಿದಳು, ತನ್ನ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ನಾನು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿಯೇ ಹೇಳಿದೆ: "ಚುಚ್ಚೋದು ನಿಜ ಚಿನ್ನೂ. ಕ್ರೀಮು ಹಚ್ಚಿರೋದ್ರಿಂದ ಒತ್ತಿದ ಹಾಗೆ ಅನ್ಸುತ್ತೆ, ಸ್ವಲ್ಪ ನೋವಾದ್ರೂ ಆಗಬಹುದು. ಅಳು ಬಂದ್ರೆ ಅಳು, ಕೈ ಮಾತ್ರ ಅಲ್ಲಾಡಿಸ್ಬೇಡ." ಅಮ್ಮನ ತೊಡೆಯ ಮೇಲೆ ಕುಳಿತೇ ಅವಳು ಕೈ ಚಾಚಿದಳು. ಅತ್ತಳು, ಕೈ ಅಲ್ಲಾಡಿಸಲಿಲ್ಲ. ಅಜ್ಜಿಯ ಮಾತಿನಲ್ಲಿ ಇದ್ದದ್ದು ಪ್ರೀತಿಯೇ, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಅಂಥ ಸುಳ್ಳು ಒಂದು ಸಲಕ್ಕೆ ಮಾತ್ರ ನಡೆಯುತ್ತದೆ. ಎರಡನೆಯ ಸಲಕ್ಕೆ ಮಗು ಬಿಳಿ ಕೋಟು ಕಂಡೊಡನೆ ಕಿರುಚುತ್ತದೆ.

ಇಂಗ್ಲೆಂಡಿನವರು ಇದನ್ನೆಲ್ಲ ಹುಟ್ಟಿನಿಂದ ಬಲ್ಲವರಲ್ಲ. ಇಲ್ಲಿನ ಆಸ್ಪತ್ರೆಗಳು ಒಂದು ಕಾಲದಲ್ಲಿ ತಂದೆತಾಯಿಗೆ ಕೆಲವೇ ತಾಸುಗಳ ಭೇಟಿಗೆ ಅವಕಾಶ ಕೊಡುತ್ತಿದ್ದವು, ಅದೂ ಕೆಲವೆಡೆ ವಾರಕ್ಕೊಮ್ಮೆ. ತಂದೆತಾಯಿಗಳು ಯಾವಾಗ ಬೇಕಾದರೂ ಬರುವಂತಿರಬೇಕು, ಎಳೆಯ ಮಕ್ಕಳ ಜೊತೆ ತಾಯಿ ಉಳಿಯುವಂತಿರಬೇಕು ಎಂದು ಶಸ್ತ್ರವೈದ್ಯ ಸರ್ ಹ್ಯಾರಿ ಪ್ಲ್ಯಾಟ್ ನೇತೃತ್ವದ ಸಮಿತಿ ವರದಿ ಕೊಟ್ಟದ್ದು 1959ರಲ್ಲಿ. ಅದು ಜಾರಿಗೆ ಬರಲು ಇನ್ನೂ ಹಲವು ವರ್ಷಗಳೇ ಹಿಡಿದವು. ಕರ್ನಾಟಕದ ನಮ್ಮ ವಾರ್ಡುಗಳಲ್ಲಿ ತಾಯಿ ರಾತ್ರಿಯಿಡೀ ಮಗುವಿನ ಮಂಚದಲ್ಲೇ ಮುದುಡಿ ಮಲಗುತ್ತಾಳೆ. ಇವರು ಹೋರಾಡಿ ಪಡೆದದ್ದು ನಮ್ಮಲ್ಲಿ ತಾನಾಗಿಯೇ ಇದೆ. ಹಾಗಿದ್ದೂ ಅವಳು ಅತ್ಯಂತ ಬೇಕಾದ ಆ ಎರಡು ನಿಮಿಷ ಅವಳನ್ನೇ ಹೊರಗೆ ಕಳಿಸುವುದು ನನಗೆ ಈಗ ಬಹಳ ನೋವಿನ ಸಂಗತಿಯಾಗಿ ಕಾಣುತ್ತದೆ. ಹಸುಗೂಸು ಎದೆಹಾಲು ಕುಡಿಯುತ್ತಿರುವಾಗ ರಕ್ತ ತೆಗೆದರೆ ನೋವು ಕಡಿಮೆಯೆಂದು ಸಂಶೋಧನೆಗಳೇ ತೋರಿಸಿವೆ.

ಗೊಂಬೆ ಹಿಡಿದು ಕೂರಲು ಪ್ರತ್ಯೇಕ ಸಿಬ್ಬಂದಿಯನ್ನು ನಮ್ಮ ಜಿಲ್ಲಾಸ್ಪತ್ರೆಗಳು ನಾಳೆಯೇ ನೇಮಿಸಬೇಕೆಂದು ನಾನು ಹೇಳುತ್ತಿಲ್ಲ. ತುರ್ತಿನಲ್ಲಿ ಬಂದ ಮಗುವಿಗೆ ಕ್ರೀಮು ಹಚ್ಚಿ ಕಾಯಲೂ ಆಗದು. ಆದರೆ ರಕ್ತಪರೀಕ್ಷೆಗೆಂದು ಬಂದ ಮಗು ಚೀಟಿ ಮಾಡಿಸಿ, ಸರದಿಯಲ್ಲಿ ಕೂತು, ಹೆಸರು ಕೂಗುವವರೆಗೆ ಎಷ್ಟೋ ಸಲ ಒಂದು ಗಂಟೆ ಕಳೆದೇ ಹೋಗುತ್ತದೆ. ಅದೇ ಕ್ರೀಮು ನಮ್ಮ ಔಷಧಿ ಅಂಗಡಿಗಳಲ್ಲೂ ಸಿಗುತ್ತದೆ. ಚೀಟಿ ಕೊಡುವ ಕಿಟಕಿಯ ಪಕ್ಕದಲ್ಲೇ ಅದನ್ನು ಹಚ್ಚಿ ಕಳಿಸಬಹುದು.