ಕಲ್ಲಿನ ರಥಕ್ಕೆ ನಾಮಕರಣ

ಹಂಪಿಯ ಕಲ್ಲಿನ ರಥವನ್ನು ಕಡೆದ ಶಿಲ್ಪಿಗಳು ಪುಣ್ಯವಂತರು. ಕಡೆದರು, ಹೋದರು. ಅದರ ಫೋಟೊಗೆ ಹೆಸರಿಡುವ ಕರ್ಮ ಅವರಿಗೆ ಬರಲಿಲ್ಲ.

ಸ್ವಯಂಸೇವಕರೇ ನಡೆಸುವ ಅಂತರ್ಜಾಲದ ಚಿತ್ರ ಭಂಡಾರವೊಂದರಲ್ಲಿ ಆ ರಥ ಕ್ಯಾಮೆರಾ ತಾನೇ ಇಟ್ಟಂತೆ ‘ಡಿಎಸ್‌ಸಿ 0417’ ಎಂದೂ ‘ಹಂಪಿ ಟ್ರಿಪ್ ಫೈನಲ್ 2’ ಎಂದೂ ಬಿದ್ದುಕೊಂಡಿತ್ತು ಎನ್ನಿ. ಎಲ್ಲದಕ್ಕೂ ಒಂದೇ ಬಗೆಯ ಶೀರ್ಷಿಕೆ ಕೊಟ್ಟುಬಿಡೋಣ ಎಂದು ಒಬ್ಬ ಸಾಧು ಮನುಷ್ಯ ಸೂಚಿಸಿದ. ಅಷ್ಟು ಸಾಕಾಯಿತು.

‘ಅದು ರಥವೇ ಅಲ್ಲ, ಗರುಡನ ಗುಡಿ’ ಎಂದರು ಮೊದಲನೆಯವರು. ಮಾತು ನಿಜ. ಆದ್ದರಿಂದ ಚಿತ್ರ ‘ರಥಗಳು’ ವರ್ಗದಿಂದ ‘ಗುಡಿಗಳು’ ವರ್ಗಕ್ಕೆ ಹೋಯಿತು, ರಾತ್ರಿ ಇನ್ನೊಬ್ಬರು ವಾಪಸ್ ಎಳೆದು ತಂದರು. ಅಷ್ಟರಲ್ಲಿ ಪ್ರಾಣಿಗಳ ಪ್ರಶ್ನೆ ಎದ್ದಿತು. ರಥದ ಮುಂದೆ ಇರುವುದು ಎರಡು ಆನೆಗಳು. ಆದರೆ ಅವನ್ನು ಆಮೇಲೆ ತಂದು ನಿಲ್ಲಿಸಿದ್ದು. ಮೊದಲು ಅಲ್ಲಿದ್ದದ್ದು ಕುದುರೆಗಳು. ಅವುಗಳ ಹಿಂಗಾಲು, ಬಾಲದ ಗುರುತು ಆನೆಗಳ ಹಿಂದೆ ಈಗಲೂ ಕಾಣುತ್ತದೆ. ‘ಚಿತ್ರದಲ್ಲಿ ಏನಿದೆ’ ಎಂಬ ಕಲಮಿನಲ್ಲಿ ಇರುವ ಆನೆಯನ್ನು ಬರೆಯಬೇಕೋ, ಇಲ್ಲದ ಕುದುರೆಯನ್ನೋ? ಬಾಲದ ಲೆಕ್ಕದಲ್ಲಿ ಕುದುರೆಗೂ ಪಾಲು ಸಲ್ಲಬೇಕೆಂದು ಒಬ್ಬರು ಆರು ಪ್ಯಾರಾ ಬರೆದರು. ಓದಿದೆ. ವಾದ ಚೆನ್ನಾಗಿಯೇ ಇತ್ತು.

ಜಿಲ್ಲೆಯ ವಿಚಾರ ಬಂದಾಗ ಮಾತ್ರ ನನಗೂ ತಲೆ ತಿರುಗಿತು. ವಿಜಯನಗರ ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಅದಕ್ಕೆ ಹಿಂದೆ ತೆಗೆದ ಫೋಟೊ ಬಳ್ಳಾರಿಗೆ ಸೇರಬೇಕು ಎಂಬುದು ಒಂದು ಪಕ್ಷ. ಇಂಗ್ಲಿಷಿನಲ್ಲಿ ‘ಬೆಲ್ಲಾರಿ’ ಅಧಿಕೃತವಾಗಿ ‘ಬಳ್ಳಾರಿ’ ಆದದ್ದು 2014ರ ನವೆಂಬರ್ 1ರಂದು, ಹಾಗಾಗಿ ಅದಕ್ಕೂ ಹಿಂದಿನವು ಬೇರೆ ಡಬ್ಬಿಗೆ ಎಂಬುದು ಉಪಪಕ್ಷ. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಚಿತ್ರಗಳಿವೆಯಲ್ಲ, ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅವನ್ನು ತಮಿಳುನಾಡಿಗೆ ಕಳಿಸಬೇಕೇ ಎಂದು ಯಾರೋ ಮುಗ್ಧವಾಗಿ ಕೇಳಿದ್ದೇ ತಡ, ಚರ್ಚೆ ಕನ್ನಡಾಭಿಮಾನಕ್ಕೆ ತಿರುಗಿ, ಎರಡು ವಾರ ರಥ ಯಾರ ನೆನಪಿಗೂ ಬರಲಿಲ್ಲ. ಗ್ರೀನ್‌ಲಾ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೂ ಇದೆ. ಈಗ ಅದಿಲ್ಲ. ಹಾಗಾದರೆ ಅದೇ ರಥವೋ, ಬೇರೆಯೋ?

ರಥ ನಿಂತಿರುವ ಗುಡಿಯ ದೇವರ ಹೆಸರಂತೂ ಕೇಳಬೇಡಿ. ವಿಟ್ಠಲ, ವಿಠ್ಠಲ, ವಿಠಲ, ಮೂರಕ್ಕೂ ಭಕ್ತರಿದ್ದಾರೆ. ವಿಕಿಪೀಡಿಯ ಬಳಗದ ಚಿತ್ರ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ಪಾಲಿಸಿಕೊಂಡು ಬಂದ ಪದ್ಧತಿಯಂತೆ ಕಡತದ ಹೆಸರು ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ, ವರ್ಗಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರಬೇಕು. ನಮ್ಮವರೂ ಅದನ್ನೇ ಹಿಡಿದರು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಅತ್ತಿತ್ತ ಆದರೆ ಹಂಪಿಯ ವಿಠಲ ಬಂಟ್ವಾಳ ತಾಲ್ಲೂಕಿನ ವಿಟ್ಲ ಪೇಟೆಗೆ ಬಂದು ಇಳಿಯುತ್ತಾನೆ. ಇಳಿದೂ ಇದ್ದಾನೆ, ಬಸ್‌ಸ್ಟ್ಯಾಂಡಿನ ಪಕ್ಕದ ಚಿತ್ರದಲ್ಲಿ.

ಇಷ್ಟರ ನಡುವೆ ಕಮಲಾಪುರದ ಕಾಲೇಜು ಹುಡುಗನೊಬ್ಬ ಒಳ್ಳೆಯ ಬಿಸಿಲಿನಲ್ಲಿ ತೆಗೆದ ಚಿತ್ರವನ್ನು ‘ಕಲ್ಲಿನ ರಥ, ಹಂಪಿ’ ಎಂದು ಸೇರಿಸಿದ. ಅರ್ಧ ಗಂಟೆಯಲ್ಲಿ ಅದರ ನೆತ್ತಿಗೆ ಮೂರು ಎಚ್ಚರಿಕೆ ಚೀಟಿ ಅಂಟಿದವು: ಪ್ರಾಣಿಯನ್ನು ನಮೂದಿಸಿಲ್ಲ, ಜಿಲ್ಲೆಯನ್ನು ತಿಳಿಸಿಲ್ಲ, ಚರ್ಚೆ ಬಾಕಿ ಇರುವಾಗ ಏಕಪಕ್ಷೀಯವಾಗಿ ಹೆಸರಿಡಲಾಗಿದೆ. ಕೆಳಗೆ ಯಂತ್ರವೇ ಕಳಿಸಿದ ಸ್ವಾಗತ ಪತ್ರವೂ ಇತ್ತು.